ಹೆಬ್ಬೆರಳಿನ ಉಗುರು

ಟಿಕ್, ಉಗುರಿಗೆ ತಾಗಿತು, ಅಂದರೆ ರಿಮ್ಮು ಇಲ್ಲಿ ಎಡಕ್ಕೆ ವಾಲಿದೆ, ಬಲಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಬೇಕು, ಮಾಡಿದ, ಸ್ಟ್ಯಾಂಡಿನ ತೋಳಿಗೆ ಹೆಬ್ಬೆರಳು ಊರಿ ಚಕ್ರವನ್ನು ಮತ್ತೆ ತಿರುಗಿಸಿದ, ಟಿಕ್ — ಈ ಸಲ ವಾಲ್ವಿನ ಹತ್ತಿರ, ಹಿಂದಿನ ಸಲ ಅದರ ಎದುರುಗಡೆ ಇತ್ತಲ್ಲ, ಬೆಳಗಿನಿಂದ ಇದೇ ಆಯಿತು, ಸೊಂಟ ಬಿದ್ದುಹೋಗಿದೆ, ಅಂಚೆಯಾಕೆಯ ಸೈಕಲ್ಲು ಈ ವಾರ ಮೂರನೇ ಸಲ ಬಂದಿದೆ, ಮೊದಲ ಸಲ ಬಂದದ್ದು ಬರೀ ಪಂಕ್ಚರಿಗೆ, ಉಗುರಿಟ್ಟು ನೋಡಿ ಬೆಂಡಿದೆ ತಾಯಿ, ಬಿಟ್ಟು ಹೋಗಿ ಎಂದವನು ಇವನೇ, ಅಣ್ಣಾ, ತರುವಾಗ ನೆಟ್ಟಗೆ ಓಡ್ತಿತ್ತು, ನಿಮ್ಮ ಕೈಗೆ ಕೊಟ್ಟ ಮೇಲೆ ಕುಣಿಯೋಕೆ ಕಲಿತಿದೆ, ಎಂದು ಇವತ್ತು ತಂದಾಗ ಅವಳು ನಕ್ಕಳು, ಅಂಗಡಿ ತಂಗಿಯ ಗಂಡನದು, ಅವನು ನಗಲಿಲ್ಲ, ಭಾವ, ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನೀವು ಪಂಕ್ಚರ್ ನೋಡ್ಕೊಳ್ಳಿ, ಬೆಂಡಿನ ಸಹವಾಸ ಬೇಡ, ಮೂವತ್ತೊಂದು ವರ್ಷ ಬೆಂಡು ತೆಗೆದವನಿಗೆ ಪಂಕ್ಚರ್ — ಸ್ಟ್ಯಾಂಡಿಗೆ ಅಳತೆಯ ಮುಳ್ಳೊಂದಿತ್ತು, ಮೊದಲ ವರ್ಷವೇ ಕಿತ್ತೆಸೆದಿದ್ದ, ಮುಳ್ಳು ಕಲಿಯುವವರಿಗೆ, ಕಲಿತವನಿಗೆ ಉಗುರು ಸಾಕು, ಕೂದಲೆಳೆಯಷ್ಟು ಓರೆಯೂ ಅದಕ್ಕೆ ಗೊತ್ತಾಗುತ್ತದೆ, ಟಿಕ್, ಇನ್ನೊಂದು ಕಾಲು ಸುತ್ತು, ಭೌತಶಾಸ್ತ್ರ ಓದುವ ಮಗಳು ನಿನ್ನೆ ಹೇಳುತ್ತಿದ್ದಳು, ಅಪ್ಪಾ, ಉರುಳೋ ಚಕ್ರದಲ್ಲಿ ನೆಲ ಮುಟ್ಟೋ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತೆ, ನೆತ್ತಿ ಮಾತ್ರ ಸೈಕಲ್ಲಿನ ಎರಡು ಪಟ್ಟು ವೇಗದಲ್ಲಿ ಹೋಗುತ್ತೆ, ನಿಂತಿರೋ ಜಾಗನಾ, ಎಲ್ಲಿ ತೋರಿಸಮ್ಮ, ಸ್ವಲ್ಪ ಹೊತ್ತು ಕೂತ್ಕೋತೀನಿ, ಅಂದಿದ್ದ, ಅವಳು ನಗುತ್ತಲೇ ಚಹಾ ಕೊಟ್ಟಳು, ಅರ್ಧ ಲೋಟ ಅಂಗಿಯ ಮೇಲೆ ಚೆಲ್ಲಿತು, ಹೆಂಡತಿ ನೋಡಿದಳು, ರೀ, ಆ ಕೈಯನ್ನ ಒಂದ್ಸಲ ಡಾಕ್ಟರಿಗೆ ತೋರಿಸಬಾರದಾ, ಕೈಗೇನು ಧಾಡಿ, ಲೋಟ ತುಂಬಿಸಿದ್ದು ಜಾಸ್ತಿ ಆಯ್ತು ಅಷ್ಟೆ — ಟಿಕ್, ವಾಲ್ವಿನಿಂದ ಮೂರನೇ ಕಡ್ಡಿ, ಟಿಕ್, ಏಳನೆಯದು, ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ, ಸಾಕಪ್ಪಾ ಸಾಕು, ತಿರುಗಿ ತಿರುಗಿ ತಾನಾಗಿ ನಿಲ್ಲಲಿ, ಬೆರಳನ್ನೂ ಎತ್ತಲಿಲ್ಲ, ಎತ್ತುವಷ್ಟು ತ್ರಾಣವಿಲ್ಲ, ಚಕ್ರ ನಿಧಾನವಾಯಿತು, ಭಾರವಿರುವ ವಾಲ್ವಿನ ಕಡೆ ಕೆಳಕ್ಕೆ ಬರುತ್ತದೆ, ದಾಟುತ್ತದೆ, ಹಿಂದಕ್ಕೆ ತೂಗುತ್ತದೆ, ಮುಂದಕ್ಕೆ, ಹಿಂದಕ್ಕೆ, ಇಷ್ಟೇ ಇಷ್ಟು, ನಿಂತಿತು, ಪೂರ್ತಿ ನಿಂತಿತು, ಬೇಕಾದರೆ ಕಡ್ಡಿ ಎಣಿಸಬಹುದು, ಟಿಕ್ — ಏನು ತಾಗಿದ್ದು, ಚಕ್ರ ನಿಂತಿದೆಯಲ್ಲ, ವಾಲ್ವು ತಳದಲ್ಲಿದೆ, ಅಲ್ಲಾಡುತ್ತಿಲ್ಲ, ಟಿಕ್, ಹಾಗಾದರೆ ಆ ಪಂಕ್ಚರಿನ ದಿನವೂ, ನೆಟ್ಟಗಿದ್ದ ಚಕ್ರವನ್ನೇ — ಟಿಕ್, ನಿಂತ ರಿಮ್ಮು, ಉಗುರು, ಟಿಕ್, ನಿಂತ ರಿಮ್ಮು, ಟಿಕ್