ನೇಮವಿಲ್ಲದ ಉಪವಾಸ

ಅಂಗಳದಲ್ಲಿ ಮತ್ತೊಂದು ಚಕ್ಕಡಿ ಬಂದು ನಿಂತಿತು. ತೇರದಾಳದ ಕಡೆಯವರಿರಬೇಕು. ಹೀರಾ ತಲೆ ಎತ್ತಿ ನೋಡಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಮೊರದ ತುಂಬ ಜೋಳ ಹರವಿಕೊಂಡು ಹರಳು ಆರಿಸುತ್ತಿದ್ದಳು. ಪಡಸಾಲೆಯಿಂದ ಜನ ಒಬ್ಬರ ಹಿಂದೊಬ್ಬರು ಒಳಕೋಣೆಗೆ ಹೋಗಿ, ಚಾಪೆಯ ಮೇಲೆ ಮಲಗಿದ್ದ ಅವಳ ಅಣ್ಣ ಸುಪಾರ್ಶ್ವನ ಕಾಲಿಗೆ ಹಣೆ ಹಚ್ಚಿ ಹೊರಬರುತ್ತಿದ್ದರು.

"ಏನ್ ತಪಸ್ಸರೀ! ಮಾತಿಲ್ಲ, ಕತಿಯಿಲ್ಲ. ಕಣ್ಣ ಸುದ್ದಾ ತಗ್ಯಾಂಗಿಲ್ಲ," ಎಂದು ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಶಲಕ್ಷಣ ಪರ್ವ ಬಂತೆಂದರೆ ರಬಕವಿಯ ಜೈನರ ಓಣಿಯಲ್ಲಿ ಉಪವಾಸದ್ದೇ ಮಾತು. ಯಾರು ಒಪ್ಪತ್ತು ಬಿಟ್ಟರು, ಯಾರು ಬರೀ ಕಾಸಿದ ನೀರಿನ ಮೇಲಿದ್ದಾರೆ, ಯಾರ ಸೊಸೆ ನಡುವೆ ಕದ್ದು ಬೆಲ್ಲ ಬಾಯಿಗೆ ಹಾಕಿಕೊಂಡಳು, ಎಲ್ಲ ಓಣಿಗೇ ಗೊತ್ತು. ಈ ಸಲವೂ ಪರ್ವ ಮುಗಿಯಿತು. ಎಲ್ಲರೂ ಪಾರಣೆ ಮಾಡಿ, ಹೊಟ್ಟೆ ತುಂಬ ಉಂಡು, ತಮ್ಮ ತಮ್ಮ ಅಂಗಡಿಗಳಿಗೆ ಮರಳಿದರು. ಸುಪಾರ್ಶ್ವ ಮಾತ್ರ ಏಳಲಿಲ್ಲ. ಅವನ ನೂಲಿನ ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಕಾಕಾ ಅನಂತಪ್ಪನಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸುಮ್ಮನೆ ಹಿಗ್ಗಿದವನಲ್ಲ ಅವನು. ಅವನ ಅಣ್ಣ, ಅಂದರೆ ಹೀರಾಳ ಅಪ್ಪ ಆದಿನಾಥ, ಒಂದು ವರ್ಷ ಇದ್ದಕ್ಕಿದ್ದಂತೆ ಮನೆಯಲ್ಲಿದ್ದ ಸೀರೆಗಳನ್ನೆಲ್ಲ ದಾರಿಯಲ್ಲಿ ಹೋಗುವವರಿಗೆ ಕರೆಕರೆದು ಕೊಟ್ಟಿದ್ದ. ಮರುವರ್ಷ ಗೋಡೆಗೆ ಮುಖ ಮಾಡಿ ಮಲಗಿದವನು ಒಂದು ಬೆಳಗ್ಗೆ ಎದ್ದು ಕೃಷ್ಣಾ ಹೊಳೆಗೆ ಹೋದ, ತಿರುಗಿ ಬರಲಿಲ್ಲ. ಮನೆಯವರು ಕಾಲು ಜಾರಿತು ಎಂದರು. ಊರವರು ಹೂಂ ಎಂದರು, ಯಾರೂ ನಂಬಲಿಲ್ಲ. ಆಮೇಲೆ ಹೀರಾ. ಮುಧೋಳದ ಗಂಡನ ಮನೆಯಲ್ಲಿ ಒಂದು ಸಲ ಇದ್ದಬಿದ್ದ ಗೋಡೆಗಳಿಗೆಲ್ಲ ತಾನೊಬ್ಬಳೇ ಸುಣ್ಣ ಬಳಿದು, ಅರ್ಧ ಊರಿಗೆ ಊಟಕ್ಕೆ ಹೇಳಿ ಬಂದಳು. ಸ್ವಲ್ಪ ದಿನಕ್ಕೆ ಕೂದಲು ಬಾಚಿಕೊಳ್ಳಲೂ ಕೈ ಏಳದೆ ಮಲಗಿದಳು. ಅತ್ತೆ ಗಂಟು ಕಟ್ಟಿ ತವರಿಗೆ ಕಳಿಸಿಬಿಟ್ಟಳು. ಈ ರೋಗಕ್ಕೆ ಮನೆಯಲ್ಲಿ ಎರಡೇ ಮಾತು: ಏರಿದರೆ 'ಹುಕಿ ಬಂತು', ಇಳಿದರೆ 'ಗೋಡಿ ಹಿಡದಳು'. ನೆಟ್ಟಗಿದ್ದವನು ಸುಪಾರ್ಶ್ವ ಒಬ್ಬನೇ. ತಲೆಗೆ ಪಟಗಾ ಸುತ್ತಿಕೊಂಡು ಜಮಖಂಡಿ ದರಬಾರಿನಲ್ಲಿ ಕೂತು ಬಂದವನು. ಅಂಥವನು ತಪಸ್ವಿಯೂ ಆಗಿಬಿಟ್ಟರೆ ಮನೆತನದ ಮೇಲಿನ ಹಳೆಯ ಮಾತೆಲ್ಲ ತೊಳೆದುಹೋಗದೇ?

ಆದರೆ ಹೀರಾ ಅಣ್ಣನನ್ನು ನೋಡಿ ಬಂದಿದ್ದಳು. ಗೋಡೆಗೆ ಮುಖ, ಎದೆಗೆ ಮೊಣಕಾಲು. ಜಪಮಾಲೆ ಬಿದ್ದಲ್ಲೇ ಬಿದ್ದಿತ್ತು. ತಾನು ಮಲಗಿದ್ದೂ ಹೀಗೆಯೇ. ಅಪ್ಪ ಮಲಗಿದ್ದೂ ಹೀಗೆಯೇ.

ಬಾಯಿ ತೆರೆಯಲು ಮಾತ್ರ ಧೈರ್ಯವಿಲ್ಲ. ತನಗೇ ಹುಕಿ ಬಂದು ಇಲ್ಲದ್ದೆಲ್ಲ ಕಾಣುತ್ತಿದ್ದರೆ? ಹುಕಿ ಬಂದಾಗಲೂ ತನ್ನ ಮಾತೇ ಖರೆ ಅನ್ನಿಸುತ್ತದಲ್ಲ! ಅದಕ್ಕೇ ಜೋಳ ಹಿಡಿದು ಕೂತದ್ದು. ಹುಕಿಯಲ್ಲಿದ್ದರೆ ಅರ್ಧ ಮೊರಕ್ಕೇ ಎದ್ದು ಬೇರೆ ಕೆಲಸಕ್ಕೆ ಕೈ ಹಾಕುತ್ತಾಳೆ. ಗೋಡೆ ಹಿಡಿದಿದ್ದರೆ ಮೊರವನ್ನೇ ಎತ್ತಲಾಗುವುದಿಲ್ಲ. ಇವತ್ತು ಕೊನೆಯ ಕಾಳಿನವರೆಗೂ ಆರಿಸಿದಳು. ಮತ್ತೊಮ್ಮೆ ಕೈಯಾಡಿಸಿದಳು. ಒಂದು ಹರಳೂ ಸಿಗಲಿಲ್ಲ. ಸದ್ಯ, ತಲೆ ತನ್ನ ಜಾಗದಲ್ಲೇ ಇದೆ.

ಅಷ್ಟರಲ್ಲಿ ಅಣ್ಣನ ಹೆಂಡತಿ ಕಮಲಾಬಾಯಿ ಒಳಕೋಣೆಯಿಂದ ಬಂದಳು. ಕೈಯಲ್ಲಿದ್ದ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. "ಇವತ್ತ ನೀರಿಗೂ ಬಾಯಿ ತಗೀಲಿಲ್ಲ," ಎಂದಳು.

"ವೈನಿ, ಅಣ್ಣ ಈ ಉಪಾಸದ್ದು ನೇಮ ಯಾರ ಕಡಿಂದ ತಗೊಂಡಾನ್ರಿ?"

"ಉಪಾಧ್ಯೆರ ಕೊಟ್ಟಿರಬೇಕವಾ."

"ನೀವು ನೋಡೀರೇನು?"

ಕಮಲಾಬಾಯಿ ಇಲ್ಲವೆಂದು ತಲೆಯಾಡಿಸಿದಳು. ದೊಡ್ಡ ಉಪವಾಸ ಹಿಡಿಯುವವರು ಬಸದಿಯಲ್ಲೋ ಮುನಿಗಳ ಮುಂದೋ ಕೈಮುಗಿದು ನಿಂತು ನೇಮ ತೆಗೆದುಕೊಳ್ಳಬೇಕು. ನೇಮವಿಲ್ಲದೆ ಕೂಳು ಬಿಟ್ಟರೆ ಅದು ಬರೀ ಹಸಿವು. ಜೈನರ ಮನೆಯ ಕೂಸಿಗೂ ಗೊತ್ತಿರುವ ಸಂಗತಿ. ಆದರೆ ಪರ್ವದ ಗದ್ದಲದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಹೀರಾ ಎದ್ದು ಪಡಸಾಲೆಗೆ ಬಂದಳು. ಬಸದಿಯ ಪೂಜೆ ಮಾಡುವ ಉಪಾಧ್ಯೆಯವರು ಕಾಕಾನ ಪಕ್ಕದಲ್ಲೇ ಕೂತಿದ್ದರು. ಸುತ್ತ ಇಷ್ಟು ಜನ. ಒಂದು ಏರುದನಿ ಬಂದರೂ ಕೆಟ್ಟಿತು ಎಂದು ಅವಳಿಗೆ ಗೊತ್ತು. ಮೆಲ್ಲಗೆ ಕೇಳಿದಳು:

"ಉಪಾಧ್ಯೆರ, ಅಣ್ಣಗ ನೇಮ ನೀವ ಕೊಟ್ಟೀರೇನ್ರಿ?"

ಅನಂತಪ್ಪ ಹೌಹಾರಿದ. "ಬಂತ ನೋಡ ಹುಕಿ! ಕಮಲಾ, ಈಕಿನ್ನ ಒಳಗ ಕರಕೊ."

"ಹುಕಿ ಬಂದಿಲ್ಲ ಕಾಕಾ. ಬಂದಿದ್ರ ನಾ ಕೇಳ್ತಿದ್ದಿಲ್ಲ, ಹೇಳ್ತಿದ್ದೆ."

ಯಾರೋ ಕಿಸಕ್ಕನೆ ನಕ್ಕರು. ಉಪಾಧ್ಯೆಯವರು ನಗಲಿಲ್ಲ. "ನಾ ಕೊಟ್ಟಿಲ್ಲವಾ. ಮುನಿಗಳ ಹಂತೇಕ ತಗೊಂಡಾರಂತ ತಿಳದಿದ್ದೆ. ಅಲ್ಲೇನ್ರಿ ಅನಂತಪ್ಪನವರ?"

"ನಾ ಎಲ್ಲಿ ಅಂದೇನ್ರಿ ಹಂಗ? ನೀವ ಕೊಟ್ಟೀರಂತ ನಾ ತಿಳಕೊಂಡೇನಿ!" ಅನಂತಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಿದ್ದರು. "ಅವನ್ನ ಕೇಳೂಣಂದ್ರ ಅವಂದು ಮೌನ ಐತಿ."

"ಮೌನದ್ದು ನೇಮ ಯಾರು ಕೊಟ್ರು?" ಎಂದಳು ಹೀರಾ.

ಉಪಾಧ್ಯೆಯವರು ಅಂಗಳದ ಬಿಸಿಲು ನೋಡಿ, "ನೀನ ಕೇಳಿ ಬಾರವಾ. ಉಪಾಸ ಮಾಡವರ ಮನಸ್ಸು ನಕ್ಕೋತ ಇರಬೇಕು. ನಿಮ್ಮಣ್ಣನ ಮಾರಿ ಮ್ಯಾಲೆ ನಾ ಅದನ್ನ ಕಾಣಲಿಲ್ಲ, ಕಂಡಿಲ್ಲಂತ ಹೇಳಲೂ ಇಲ್ಲ. ಲಗೂನ ಹೋಗು, ಹೊತ್ತು ಇಳಿಯಾಕತ್ತೈತಿ," ಎಂದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಂದು ಅಗುಳೂ ಯಾರ ಬಾಯಿಗೂ ಹೋಗುವಂತಿರಲಿಲ್ಲ. ನೀರನ್ನೂ ಬಿಟ್ಟವನು ನಾಳೆ ಬೆಳಗನ್ನು ಕಾಣುತ್ತಾನೆಂಬ ಭರವಸೆ ಹೀರಾಳಿಗಿರಲಿಲ್ಲ.

"ವೈನಿ, ಹೆಸರಬ್ಯಾಳಿ ಕಟ್ಟು ಕಾಸ್ರಿ," ಎಂದವಳೇ ಒಳಗೆ ಹೋದಳು.

ಅಣ್ಣನ ಮುಖಕ್ಕೂ ಗೋಡೆಗೂ ನಡುವೆ ಗೇಣು ಜಾಗವಿತ್ತು. ಹೀರಾ ಚಾಪೆಯನ್ನು ಹಿಡಿದು ಹಿಂದಕ್ಕೆ ಎಳೆದಳು. ಅವನ ಸಮೇತ ಸರ್ರನೆ ಬಂತು. ಅಯ್ಯೋ, ಎಷ್ಟು ಹಗುರಾಗಿದ್ದ! ಗೋಡೆಗೆ ಬೆನ್ನು ಕೊಟ್ಟು, ಅವನಿಗೆ ತನ್ನ ಮುಖವೇ ಕಾಣುವ ಹಾಗೆ ಕೂತಳು.

"ಅಣ್ಣಾ, ನೇಮ ಯಾರ ಮುಂದ ತಗೊಂಡೀ?"

ಅವನು ಮುಖವನ್ನು ಚಾಪೆಯೊಳಗೆ ಹುದುಗಿಸಿದ.

"ತಗೊಂಡಿಲ್ಲ. ಹೌದಿಲ್ಲೋ?"

ಸುಪಾರ್ಶ್ವ ಕಣ್ಣು ತೆರೆದ. ತುಟಿಗಳು ಒಡೆದು ಬಿರುಕು ಬಿಟ್ಟಿದ್ದವು. "ಇಲ್ಲ. ಉಣ್ಣಾಕ ಕೈ ಏಳಲಿಲ್ಲ ಹೀರಾ. ಮಂದಿ ಬಂದು ತಪಸ್ವಿ ಅಂದ್ರು. ಅಪ್ಪನಂಗ ಆದಾ ಅನ್ನಿಸಿಕೊಳ್ಳೂದಕ್ಕಿಂತ ಛಲೋ ಅನ್ನಿಸ್ತು. ತಪಸ್ವಿ ಆಗೇ ಹೋಗಿಬಿಡೂಣಂತ…"

ಹೀರಾಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. "ಅಪ್ಪನಂಗ ಯಾಕೋ? ನನ್ನಂಗ ಆಗೀ! ಎಷ್ಟ ಸಲ ಗೋಡಿ ಹಿಡದೇನಿ, ನೀನ ನೋಡೀ. ಎದ್ದಿಲ್ಲೇನು ನಾ? ನಿನ್ನ ಮುಂದ ಕುಂತಿಲ್ಲೇನು? ಬರತೈತಿ, ಹೋಗತೈತಿ. ಮತ್ತ ಬಂದ್ರ ಮತ್ತ ಏಳೂದು. ಅಪ್ಪಗ ಇದನ್ನ ಹೇಳವರು ಯಾರೂ ಇದ್ದಿದ್ದಿಲ್ಲ. ನಿನಗ ನಾ ಅದೇನಿ."

ಅವನ ಕಣ್ಣಿಂದ ನೀರು ಹರಿದು ಕಿವಿಗಿಳಿಯಿತು. "ಮಂದಿ?" ಎಂದ.

ಬಾಗಿಲಲ್ಲಿ ಅನಂತಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಮುಖ ಸುಟ್ಟ ಬದನೆಕಾಯಿಯಾಗಿತ್ತು. ಸರಕ್ಕನೆ ತಿರುಗಿ ಹೊರಗೆ ಹೋದ. ಅವನ ದನಿ ಅಂಗಳದವರೆಗೂ ಕೇಳಿತು: "ತಪಸ್ವಿ ಗಿಪಸ್ವಿ ಏನಿಲ್ಲರಿ. ನಮ್ಮ ಹುಡುಗಗ ಜಡ್ಡಾಗೈತಿ. ಅವರಪ್ಪಗ ಆಗಿದ್ದ ಜಡ್ಡ. ಮನಿಗೆ ನಡೀರಿ!"

ಕಮಲಾಬಾಯಿ ಬಟ್ಟಲು ಹಿಡಿದು ಓಡಿಬಂದಳು. ಹೀರಾ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಚ್ಚನೆಯ ಬೇಳೆಕಟ್ಟನ್ನು ಗುಟುಕು ಗುಟುಕಾಗಿ ಕುಡಿಸಿದಳು. ಮೊದಲನೆಯದು ಗಲ್ಲದ ಮೇಲೆ ಹರಿಯಿತು. ಎರಡನೆಯದಕ್ಕೆ ಕೆಮ್ಮಿದ. ಮೂರನೆಯದು ಒಳಗೆ ಹೋಯಿತು. ಗಂಟಲು ಏರಿ ಇಳಿದದ್ದನ್ನು ಕಂಡು ಕಮಲಾಬಾಯಿ ಗೊಳೋ ಎಂದು ಅತ್ತಳು. ಹೀರಾ ಅಳಲಿಲ್ಲ. ಊರು ಗೆದ್ದವಳ ಹಾಗೆ ಕೂತಿದ್ದಳು.

ಬಟ್ಟಲು ಬರಿದಾಗುವಷ್ಟರಲ್ಲಿ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಂತಾಗಿತ್ತು. ಸುಪಾರ್ಶ್ವ ತುಟಿ ಒರೆಸಿಕೊಂಡು, "ಇನ್ನಷ್ಟು ಹಾಕ," ಎಂದ.

ಕಮಲಾಬಾಯಿಯ ಕೈ ಅಲ್ಲೇ ನಿಂತಿತು. ಹೊರಗಿಂದ ಬಂದ ಅನಂತಪ್ಪನತ್ತ ನೋಡಿದಳು. ಹಿಂದೊಮ್ಮೆ ಹೊತ್ತು ಮುಳುಗಿತೆಂದು ಬೀಗರ ಮುಂದಿನ ತಾಟನ್ನೇ ಎತ್ತಿಸಿದವನು ಅವನು. ಅನಂತಪ್ಪ ಕಿಟಕಿಯ ಹತ್ತಿರ ಹೋಗಿ, ಕತ್ತಲು ತುಂಬಿದ ಓಣಿಯನ್ನು ಬಹಳ ಹೊತ್ತು ನೋಡಿದ.

"ಇನ್ನೂ ಬೆಳಕೈತಿ," ಎಂದ. "ಹಾಕವಾ."