ಟ್ಯಾಂಕಿಗೆ ಕಿವಿಗೊಟ್ಟು

ಪೆಟ್ರೋಲ್ ಬಂಕಿನ ಶ್ರೀಲಕ್ಷ್ಮಿ ಪೈಪಿನ ಮೂತಿಯನ್ನು ಟ್ಯಾಂಕಿಗೆ ಇಟ್ಟು ಇನ್ನೂ ಸರಿಯಾಗಿ ಒತ್ತಿರಲಿಲ್ಲ, ಅಷ್ಟರಲ್ಲೇ ಪೆಟ್ರೋಲು ಉಕ್ಕಿ ಗಾಡಿಯ ಮೈಮೇಲೆ ಇಳಿಯಿತು.

"ಫುಲ್ಲೇ ಉಂದಿ ಕದಾ ಅನ್ನಾ!" ತುಂಬಿಯೇ ಇದೆಯಲ್ಲ ಎಂದು ಆ ಹುಡುಗಿ ಪೈಪು ಹಿಂದಕ್ಕೆಳೆದುಕೊಂಡು ನಕ್ಕಳು. ನಿನ್ನೆಯೂ ಹೀಗೇ ಆಯಿತು, ಮೊನ್ನೆಯೂ ಹೀಗೇ ಆಯಿತು ಎಂದು ಪಕ್ಕದಲ್ಲಿ ನಿಂತಿದ್ದ ಗುಂಡಮ್ಮನಿಗೆ ತೆಲುಗಿನಲ್ಲಿ ಚಾಡಿ ಹೇಳಿದಳು.

ಮಲ್ಲಣ್ಣ ಹೆಗಲ ಮೇಲಿನ ಟವೆಲಿನಿಂದ ಟ್ಯಾಂಕು ಒರೆಸಿದ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಗುಂಡಮ್ಮ ಡಬ್ಬಿಯ ಚೀಲ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದಳು. ದಿನಾ ಅವಳನ್ನು ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಗೇಟಿಗೆ ಬಿಟ್ಟ ಮೇಲೆ ಅವನು ಬಂಕಿನ ಕಡೆ ಬರುತ್ತಿದ್ದ. ಇವತ್ತು ಮೊದಲೇ ಬಂದದ್ದಕ್ಕೆ ಈ ಸಂಗತಿ ಅವಳ ಕಣ್ಣಿಗೆ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವನು ಮಲ್ಲಣ್ಣ. ಅವನ ಗಾಡಿಯ ಪೆಟ್ರೋಲಿನ ಮುಳ್ಳು ಕೊಂಡಾಗಿನಿಂದಲೂ ಸತ್ತು ಬಿದ್ದದ್ದು. ಟ್ಯಾಂಕು ಒಣಗಿದರೂ ಅದು ತುಂಬಿದೆ ಅಂತಲೇ ತೋರಿಸುತ್ತಿತ್ತು. ಅದನ್ನು ರಿಪೇರಿ ಮಾಡಿಸುವುದೆಂದರೆ ಮಲ್ಲಣ್ಣನಿಗೆ ಅವಮಾನ. ಬೆಳಿಗ್ಗೆ ಗಾಡಿ ಹತ್ತುವ ಮೊದಲು ಹ್ಯಾಂಡಲ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ, ಬಗ್ಗಿ ಟ್ಯಾಂಕಿಗೆ ಕಿವಿ ಕೊಟ್ಟು, ಕೂಸು ಹೊಟ್ಟೆಯೊಳಗೆ ಒದೆಯುವುದನ್ನು ಕೇಳುವವನ ಹಾಗೆ ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಿದ್ದ: "ಸಂಜೀ ತನಕ ಚಿಂತಿಲ್ಲ." ಅವನ ಜೊತೆ ಗ್ರಾನೈಟ್ ಕೊಯ್ಯುವ ಯಾದಗಿರಿಯ ಹುಡುಗರೆಲ್ಲ ತಮ್ಮ ಗಾಡಿಗಳನ್ನೂ ತಂದು ಅವನ ಮುಂದೆ ಅಲ್ಲಾಡಿಸುತ್ತಿದ್ದರು. "ಜೀಡಿಮೆಟ್ಲಾ ತನಕ ಹೋಗ್ತೀ, ಹೊಳ್ಳಿ ಬರೂದು ದೇವರ ಕೈಯಾಗ ಐತಿ" ಎಂದು ಅವನು ಹೇಳಿದರೆ ಅದು ಹಾಗೇ ಆಗುತ್ತಿತ್ತು. ಇಂಥ ಮನುಷ್ಯ ತುಂಬಿದ ಟ್ಯಾಂಕಿಗೆ ದಿನಾ ಪೆಟ್ರೋಲು ಹಾಕಿಸುವುದೆಂದರೆ!

"ಮುಂಜಾನಿ ನೀವು ಅಲ್ಲಾಡಿಸಿದಾಗ ನನಗ ಬಾಗಿಲಿನ ತನಕ ಕೇಳ್ತಲ್ಲರಿ, ತುಂಬಿದ್ದು. ನಿಮಗ ಕೇಳಲಿಲ್ಲೇನು?" ಎಂದಳು ಗುಂಡಮ್ಮ.

"ಏ, ಹತ್ತು ಸುಮ್ಮನ. ಹೊತ್ತಾತು."

ಗಾಡಿ ರಸ್ತೆಗೆ ಬಿತ್ತು. ಕಾರು, ಕ್ಯಾಬುಗಳ ಸಂದಿಯಲ್ಲಿ ನುಸುಳುತ್ತ ಹೊರಟ ಗಂಡನ ಬೆನ್ನನ್ನು ನೋಡುತ್ತ ಕೂತ ಗುಂಡಮ್ಮನಿಗೆ ಒಂದು ಅನುಮಾನ ಹುಟ್ಟಿತು. ಕಲ್ಲು ಕೊಯ್ಯುವ ಮಿಷನ್ನಿನ ಕಿರುಚಾಟದ ಮುಂದೆ ಇಷ್ಟು ವರ್ಷ ಕೂತವನು. ಅನುಮಾನ ಪರಿಹಾರವಾಗಲಿ ಎಂದು ಅವಳು ಎಂದಿನ ದನಿಯಲ್ಲೇ, "ರೀ, ಗಾಡಿಗೆ ಬೆಂಕಿ ಹತ್ತೇತಿ" ಎಂದಳು.

"ಹ್ಞೂಂ" ಎಂದ ಮಲ್ಲಣ್ಣ.

"ನಾ ನಿಮ್ಮನ್ನ ಬಿಟ್ಟು ಓಡಿ ಹೋಗಾಕತ್ತೀನಿ."

"ಹ್ಞೂಂ ಹ್ಞೂಂ" ಎಂದು ತಲೆಯನ್ನೂ ಆಡಿಸಿದ.

ಅವಳಿಗೆ ಮೊದಲು ನಗು ಬಂತು. ಆಮೇಲೆ ಈವರೆಗಿನ ಹ್ಞೂಂಗಳೆಲ್ಲ ನೆನಪಾಗಿ ದಿಗಿಲಾಯಿತು.

ಯಾಕೆಂದರೆ ಈ ಗಂಡ ಹೆಂಡತಿಯ ಮಾತುಕತೆಯೆಲ್ಲ ಗಾಡಿಯ ಮೇಲೆಯೇ. ಅವರ ಖೋಲಿಯ ಗೋಡೆ ಎಷ್ಟು ತೆಳುವೆಂದರೆ ಈಚೆ ಸೀನಿದರೆ ಆಚೆಯವರು ಬಯ್ಯುತ್ತಿದ್ದರು. ಹೀಗಾಗಿ ಮನೆಯ ಕಷ್ಟ, ಸುಖ, ಸಿಟ್ಟು ಎಲ್ಲವನ್ನೂ ಗುಂಡಮ್ಮ ಅವನ ಬೆನ್ನಿಗೆ ಹೇಳುತ್ತಿದ್ದಳು. ಮೊದಲೆಲ್ಲ ಅವನು ಪ್ರತಿ ಮಾತಿಗೂ ಎದುರು ಹೇಳುತ್ತಿದ್ದ. ಈಚೆಗೆ ಎಲ್ಲದಕ್ಕೂ ಹ್ಞೂಂ. ವಯಸ್ಸಾದ ಮೇಲೆ ಗಂಡ ಬಂಗಾರದಂಥವನಾದ ಎಂದು ಅವಳು ಹಿಗ್ಗಿದ್ದಳು. ಅಪಾರ್ಟ್‌ಮೆಂಟಿನಲ್ಲಿ ಜೊತೆಗೆ ಕಸ ಗುಡಿಸುವವರ ಮುಂದೆ ಹೊಗಳಿಕೊಂಡೂ ಇದ್ದಳು.

ಅದೇ ಹ್ಞೂಂ ಅನ್ನು ನಂಬಿ ಅವಳು ಭವಾನಿಯನ್ನು ಕರೆಸಿದ್ದಳು. ಭವಾನಿ ತೀರಿಹೋದ ತಂಗಿಯ ಮಗಳು. ತಂಗಿ ತೀರಿಕೊಂಡ ವರ್ಷವೇ ಗುಂಡಮ್ಮ, ಈ ಕೂಸನ್ನು ನಾವು ಸಾಕೋಣ ಎಂದು ಕೇಳಿದ್ದಳು. ಮಲ್ಲಣ್ಣ ಅನ್ನದ ತಾಟಿನಿಂದ ತಲೆಯೆತ್ತದೆ, "ನಮ್ಮದ ನಮಗ ನೆಲಿ ಇಲ್ಲ. ಮಂದಿ ಕೂಸು ತಂದು ಎಲ್ಲಿ ಇಡೂದು?" ಎಂದು ಮುಗಿಸಿಬಿಟ್ಟಿದ್ದ. ಅವತ್ತಿನಿಂದ ನುಂಗಿಕೊಂಡಿದ್ದ ಮಾತನ್ನು ಈ ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಗಾಡಿಯ ಮೇಲೆ ಮತ್ತೆ ತೆಗೆದಿದ್ದಳು. ಅವನು ಹ್ಞೂಂ ಅಂದಿದ್ದ. ಆ ರಾತ್ರಿ ಅವಳು ಗೋಡೆಗೆ ಮುಖ ಮಾಡಿ ಸದ್ದಿಲ್ಲದೆ ಅತ್ತಿದ್ದಳು, ಸಂತೋಷಕ್ಕೆ. ಈಗ ಅಣ್ಣ ಸಂಗಣ್ಣ ರವಿವಾರದ ರೈಲಿಗೆ ಹುಡುಗಿಯನ್ನು ಹತ್ತಿಸಿಕೊಂಡು ಬರುವವನಿದ್ದ. ನಡುವೆ ಗಾಡಿಯ ಮೇಲೆ ಅದರ ಮಾತು ಎಷ್ಟೋ ಸಲ ಬಂದಿತ್ತು. ಆಗೆಲ್ಲ ಬರೀ ಹ್ಞೂಂ.

ಗುಂಡಮ್ಮ ಗಂಡನ ಬೆನ್ನಿಗೆ ಧಪಧಪ ಗುದ್ದಿದಳು. ಮಲ್ಲಣ್ಣ ಗಾಬರಿಯಾಗಿ ಫ್ಲೈಓವರಿನ ಕಂಬದ ಪಕ್ಕ ಗಾಡಿ ನಿಲ್ಲಿಸಿದ.

"ಹೆಲ್ಮೆಟ್ ತಗೀರಿ. ಈ ಕಡೆ ತಿರಗ್ರಿ. ನಿಮಗ ಕಿವಿ ಕೇಳಂಗಿಲ್ಲ, ಹೌದಿಲ್ಲೋ?"

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ತುಟಿ ನೋಡಿಯೇ ಮಾತು ಹಿಡಿಯುತ್ತಾನೆ ಎಂದು ಈಗ ಅವಳಿಗೆ ತಿಳಿಯಿತು. ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, "ಪೂರಾ ಇಲ್ಲ ಅಂತಲ್ಲ" ಎಂದ. "ಸಿಟ್ಟಿಲೆ ಅಂದ್ರ ಕೇಳ್ತೈತಿ. ನೀ ಮೆತ್ತಗ ಅಂದದ್ದು ಕೇಳಂಗಿಲ್ಲ. ಟ್ಯಾಂಕೂ ಹಂಗ, ಮೆತ್ತಗ ಮಾತಾಡತೈತಿ. ಮಂದಿಗೆ ತಿಳದ್ರ ನಗತಾರ ಅಂತ ತುಂಬಿಸ್ಕೊಂಡು ಅಡ್ಡಾಡತೀನಿ."

"ಮಂದಿ ಹಾಳಾಗಿ ಹೋಗ್ಲಿ. ನನಗರ ಹೇಳಬಾರದೇನ್ರಿ?"

"ನೀ ಹಿಂದ ಕುಂತು ಭಾಳ ಖುಷೀಲೆ ಮಾತಾಡತಿದ್ದಿ. ಮತ್ತ ಮತ್ತ ಏನು, ಏನು ಅಂತ ಕೇಳಿದ್ರ ಬ್ಯಾಸತ್ತು ಬಿಟ್ಟೀ ಅಂತ..."

ಅಯ್ಯೋ ನನ್ನ ಗಂಡನೇ ಎಂದುಕೊಂಡಳು. ಹಾಗಂತ ಬಿಟ್ಟುಬಿಡುವಂತಿರಲಿಲ್ಲ. ಇವನು ಈಗ ಬೇಡವೆಂದರೆ ಅಣ್ಣನಿಗೆ ಏನು ಹೇಳುವುದು, ಹೊಸ ಲಂಗ ಹೊಲಿಸಿಕೊಂಡು ಕೂತಿರುವ ಆ ಕೂಸಿಗೆ ಏನು ಹೇಳುವುದು? ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ದೀಪಾವಳಿಯ ಸಂಜೆ ಏನು ಕೇಳಿದ್ದೆ, ನೀವು ಏನಂದಿರಿ, ರವಿವಾರ ಯಾರು ಬರುತ್ತಾರೆ, ಎಲ್ಲವನ್ನೂ.

ಮಲ್ಲಣ್ಣನ ಮುಖ ಸಣ್ಣದಾಯಿತು. "ಅದನ್ನ ಕೇಳಿದ್ದೇನು ಅವತ್ತು?"

"ಹೌದು. ಈಗ ಮಕಾ ನೋಡಿ ಕೇಳಾಕತ್ತೀನಿ. ಬ್ಯಾಡ ಅಂತಿದ್ರ ಬ್ಯಾಡ ಅನ್ರಿ. ಅಣ್ಣಗ ನಾ ಫೋನ್ ಮಾಡ್ತೀನಿ. ಹ್ಞೂಂ ಅಂತ ಮಾತ್ರ ಅನಬ್ಯಾಡ್ರಿ."

ತಲೆಯ ಮೇಲೆ ಫ್ಲೈಓವರು ಗುಡುಗುಡು ಎನ್ನುತ್ತಿತ್ತು. ಮಲ್ಲಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದ. ಸೀಟು ನೋಡಿದ. ಮತ್ತೆ ಬಂದು ಮುಂದೆ ನಿಂತ.

"ಎಲ್ಲಿ ಕುಂದರತಾಳ?"

"ಖೋಲ್ಯಾಗ ನನ್ನ ಮಗ್ಗಲಿಗೇ ಮಲಗಿಸ್ಕೋತೀನ್ರಿ. ಕೂಸು ಎಷ್ಟು ಜಾಗ..."

"ಖೋಲಿ ಅಲ್ಲ ಮಾರಾಯ್ತಿ. ಗಾಡಿ ಮ್ಯಾಲ." ಅವನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಟ್ಯಾಂಕಿನ ಮೇಲೆ ಹಾಸಿ ನೋಡುತ್ತಿದ್ದ. "ಹಿಂದ ಕುಂತ್ರ ನಿದ್ದಿಗಣ್ಣಾಗ ಬೀಳತಾಳ. ಇಲ್ಲೇ ಚಲೋ. ಆದ್ರ ಬಿಸಲಿಗೆ ಸುಡತೈತಿ. ದಪ್ಪಂದೊಂದು ಏನರ ಹಾಸಬೇಕು."

ಗುಂಡಮ್ಮನಿಗೆ ಕಣ್ಣು ತುಂಬಿ ರಸ್ತೆಯೇ ಕಾಣದಾಯಿತು. ಗೇಟಿಗೆ ತಡವಾಗಿ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡಳು, ನಗುತ್ತಲೇ ಬೈಸಿಕೊಂಡಳು.

ರವಿವಾರ ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋಗುವಾಗ ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟು ಜಗಳದ ದನಿಯಲ್ಲಿ ಕೂಗಿದಳು: "ನಾಳಿ ಕಿವಿ ತೋರಸಾಕ ದವಾಖಾನಿಗೆ ಹೋಗೂದು!"

"ಹ್ಞೂಂ."

"ಹ್ಞೂಂ ಅಲ್ಲ! ನಾ ಏನಂದೆ ಹೇಳ್ರಿ!"

"ನಾಳಿ ದವಾಖಾನಿ! ಕಿವಿ!" ಎಂದು ಅವನೂ ಕೂಗಿದ. ಪಕ್ಕದ ಆಟೋದವನು ತಿರುಗಿ ನೋಡಿದ.

ಸಂಗಣ್ಣ ಹುಡುಗಿಯನ್ನೂ ಅವಳ ಗಂಟನ್ನೂ ಒಪ್ಪಿಸಿ, ಕಣ್ಣೊರೆಸಿಕೊಂಡು ವಾಪಸು ರೈಲು ಹಿಡಿಯಲು ನಿಂತ. ಟ್ಯಾಂಕಿನ ಮೇಲೆ ಹಳೆಯ ಕೌದಿಯ ತುಂಡು ಹಾಸಿತ್ತು. ಭವಾನಿ ಅದರ ಮೇಲೆ ಕೂತು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದುಕೊಂಡಳು. ಮಲ್ಲಣ್ಣ ಚಾಳಿ ತಪ್ಪದೆ ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದ. ಹುಡುಗಿ ಕಣ್ಣರಳಿಸಿ ಏನೋ ಅಂದಳು.

ಮಲ್ಲಣ್ಣ ಬಗ್ಗಿ ತನ್ನ ಕಿವಿಯನ್ನು ಅವಳ ಬಾಯಿಗೆ ತಂದ. "ಏನಂದಿ ಅವ್ವಾ? ಜೋರ ಹೇಳು, ದೊಡ್ಡಪ್ಪಗ ಕೇಳಂಗಿಲ್ಲ."

"ಇದರ ಹೊಟ್ಟ್ಯಾಗ ನೀರು ಕುಣ್ಯಾಕತ್ತೈತಿ!"

"ಹೌದೇನು? ಎಷ್ಟೈತಿ, ನೋಡು ಮತ್ತ." ಅವನು ಇನ್ನೊಮ್ಮೆ ಅಲ್ಲಾಡಿಸಿದ. ಭವಾನಿ ಕೌದಿಗೆ ಕೆನ್ನೆಯೂರಿ, ಉಸಿರು ಬಿಗಿಹಿಡಿದು ಕೇಳಿದಳು. ಆಮೇಲೆ ಎದ್ದು ಕೂತು, ಎರಡು ಅಂಗೈಗಳನ್ನು ಒಂದರ ಮೇಲೊಂದು, ನಡುವೆ ಗೇಣು ಜಾಗ ಬಿಟ್ಟು ಹಿಡಿದು ತೋರಿಸಿದಳು.

ಮಲ್ಲಣ್ಣ ಆ ಕೈಗಳ ನಡುವಿನ ಜಾಗವನ್ನು ನೋಡಿದ. "ಸಾಕು" ಎಂದು ಕಿಕ್ ಹೊಡೆದ.

ದಾರಿಯಲ್ಲಿ ಬಂಕು ಬಂತು. ದೂರದಿಂದಲೇ ಗಾಡಿಯ ಗುರುತು ಹಿಡಿದ ಶ್ರೀಲಕ್ಷ್ಮಿ ನಗುತ್ತ ಪೈಪು ಕೈಗೆ ತೆಗೆದುಕೊಂಡಳು. ಗಾಡಿ ಅವಳ ಮುಂದೆಯೇ ನೆಟ್ಟಗೆ ಹೋಯಿತು.