ಕ್ಲಚ್ಚಿಗೆ ಅರ್ಧ ಸುತ್ತು

ತಾನಾಗಿ ಹಿಡಿದು ತಾನಾಗಿ ಬಿಡುವ ಆಟೊಮ್ಯಾಟಿಕ್ ಕ್ಲಚ್ಚಿಗೆ ನನ್ನ ಗಂಡ ವೆಂಡೆಲ್ ಇಟ್ಟಿದ್ದ ಹೆಸರು ‘ಅಜ್ಜಿ ಕ್ಲಚ್ಚು’. ಬೆಟ್ಟದ ಮೇಲೆ ಯಾರಾದರೂ ಬೈಕಿಗೆ ಅದನ್ನು ಹಾಕಿಸಿಕೊಂಡು ಬಂದರೆ, ಸ್ವೆಟರ್ ಹೆಣೆಯುವುದು ಎಲ್ಲಿಗೆ ಬಂತು ಎಂದು ಎಲ್ಲರೆದುರು ಕೇಳುವನು. ಆ ಬಾಯಿಗೆ ಬೀಗ ಬಿದ್ದದ್ದು ಹೋದ ಅಕ್ಟೋಬರಿನಲ್ಲಿ, ಹಕಲ್‌ಬೆರಿ ಜಾಮಿನ ಬಾಟಲಿ ಅವನ ಎಡಗೈಯಿಂದ ಜಾರಿ ಅಡುಗೆಮನೆಯ ನೆಲದ ಮೇಲೆ ಚೂರಾದ ದಿನ. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಏನಾಯಿತೆಂದು ಕೇಳಿದೆ. ಕೈಯ ಹಿಡಿತ ಹೋಗಿ ಎರಡು ತಿಂಗಳಾಗಿತ್ತಂತೆ. ಮೊಣಕೈಯ ನರ ಕೆಟ್ಟಿದೆ, ಹೋದ ಬಲ ವಾಪಸ್ಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನೂ ನನ್ನಿಂದ ಮುಚ್ಚಿಟ್ಟಿದ್ದ.

ಮುಚ್ಚಿಟ್ಟದ್ದು ಯಾಕೆಂದು ಕೇಳಬೇಕಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಐಡಹೊದ ನಮ್ಮ ಬೆಟ್ಟಗಳ ರಕ್ಷಣಾ ತಂಡದಲ್ಲಿದ್ದಾನೆ. ಹಿಮದಲ್ಲಿ ದಾರಿ ತಪ್ಪಿದವರನ್ನೂ ಕಾಲು ಮುರಿದುಕೊಂಡವರನ್ನೂ ಮರಗಳ ಸಂದಿಯಲ್ಲಿ ನುಗ್ಗಿ ಮೊದಲು ಮುಟ್ಟುವುದು ಸ್ನೋ ಬೈಕಿನವರೇ. ಮುಂದಿನ ಚಕ್ರದ ಜಾಗದಲ್ಲಿ ಒಂದು ಸ್ಕೀ, ಹಿಂದಿನ ಚಕ್ರದ ಜಾಗದಲ್ಲಿ ಉರುಳುವ ರಬ್ಬರ್ ಪಟ್ಟೆ. ಬೇರೆ ಗಾಡಿ ತೂರದ ಕಡೆ ಇದು ತೂರುತ್ತದೆ. ಡಿಸೆಂಬರಿನ ಮೊದಲ ಶನಿವಾರ ತಂಡದ ನಾಯಕಿ ರಾಬರ್ಟಾ ಎಲ್ಲರಿಗೂ ಪರೀಕ್ಷೆ ಇಡುತ್ತಾಳೆ. ಸೊಂಟದವರೆಗಿನ ಹೊಸ ಹಿಮದ ಏರಿನಲ್ಲಿ ಮೂರು ಸಲ ನಿಲ್ಲಬೇಕು, ಎಂಜಿನ್ ಆರದಂತೆ ಮೂರು ಸಲ ಹೊರಡಬೇಕು. ಗೆದ್ದವರ ಕೈಗೆ ತಂಡದ ವಾಕಿಟಾಕಿ ರೇಡಿಯೊ ಸಿಗುತ್ತದೆ, ಆಗದವರು ಬರಿಗೈಯಲ್ಲಿ ಮನೆಗೆ ಹೋಗಬೇಕು. ಕ್ಲಚ್ಚಿನ ಹಿಡಿ ಇರುವುದು ಎಡಗೈಗೆ.

ಊರಿನ ಸಣ್ಣಪುಟ್ಟ ಎಂಜಿನ್‌ಗಳನ್ನೆಲ್ಲ ರಿಪೇರಿ ಮಾಡುವವಳು ನಾನು. ಅಜ್ಜಿ ಕ್ಲಚ್ಚು ಹಾಕೋಣ ಎಂದೆ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ತಾನೇ ಕ್ಯಾಟಲಾಗು ತಂದು ಊಟದ ಮೇಜಿನ ಮೇಲೆ ಹರಡಿದ, ಆ ಯೋಚನೆ ತನ್ನದೇ ಎಂಬಂತೆ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಆರಿಸುವುದರಲ್ಲಿ ಒಂದು ವಾರ ಜಗಳವಾಯಿತು. ಈ ಕ್ಲಚ್ಚಿನ ನಡುವೆ ಒಂದು ಪ್ಲೇಟು ಇರುತ್ತದೆ. ಎಂಜಿನ್ ವೇಗ ಹಿಡಿದಂತೆ ಅದು ಹಿಗ್ಗಿ ಉಳಿದವನ್ನು ಒತ್ತಿ ಹಿಡಿಯುತ್ತದೆ. ಯಾವ ವೇಗಕ್ಕೆ ಹಿಗ್ಗಬೇಕೆಂಬುದು ಅದರ ಸ್ಪ್ರಿಂಗಿನ ಕೈಯಲ್ಲಿದೆ. ಮೆದು ಸ್ಪ್ರಿಂಗ್ ಹಾಕು, ಮುಟ್ಟಿದರೆ ಹೊರಡಬೇಕು ಎಂದು ಅವನು. ಮೆದುವಾದರೆ ಆ ಭಾರದ ಪಟ್ಟೆಯನ್ನು ಎಳೆಯಲು ಹೋಗಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಬಿರುಸಾದರೆ ಹಿಡಿಯುವ ಮೊದಲೇ ಜಾರಿ ಜಾರಿ ಪ್ಲೇಟು ಸುಡುತ್ತದೆ, ನಡುವಿನದೇ ಸರಿ ಎಂದು ನಾನು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಕೇಳದೆಯೇ ನಡುವಿನದನ್ನು ತರಿಸಿದೆ. ಆಯ್ಕೆ ತನ್ನದೆಂದು ಅವನು ಪೋಸ್ಟಾಫೀಸಿನಲ್ಲಿ ಹೇಳಿಕೊಂಡು ಬಂದನಂತೆ. ಮೂವತ್ತನಾಲ್ಕು ವರ್ಷದಿಂದ ಈ ಮನುಷ್ಯನ ಮೇಲೆ ನನಗೆ ಪ್ರೀತಿ ಇರುವುದು ಇಂಥದ್ದಕ್ಕೇ ಇರಬೇಕು.

ಪ್ಲೇಟುಗಳನ್ನು ಒಂದು ದಿನ ಎಣ್ಣೆಯಲ್ಲಿ ನೆನೆಹಾಕಿ ಕೂರಿಸಿದೆ. ಹಾಕುವುದು ಸುಲಭ, ಆರೈಕೆ ಕಷ್ಟ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುವ ಮೊದಲೇ ಬದಲಿಸಬೇಕು. ಪ್ರತಿ ಸವಾರಿಗೆ ಮುಂಚೆ ಎಂಜಿನ್ ಬಿಸಿ ಮಾಡಿ, ಕ್ಲಚ್ಚಿನ ಹಿಡಿಯನ್ನು ಹ್ಯಾಂಡಲಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತಿ, ನ್ಯೂಟ್ರಲ್‌ನಲ್ಲಿ ಒಮ್ಮೆ ಜೋರಾಗಿ ಆಕ್ಸಲರೇಟರ್ ತಿರುವಬೇಕು. ಒಳಗಿನ ಪ್ಲೇಟು ಹಿಗ್ಗಿದರೆ ಹಿಡಿ ತಾನಾಗಿ ಒಳಕ್ಕೆ ಸರಿಯುತ್ತದೆ. ಒಂದು ಮೆಣಸಿನ ಕಾಳಿನಷ್ಟು ಸರಿದರೆ ಸರಿ. ಅದಕ್ಕಿಂತ ಕಡಿಮೆಯಾದರೆ ಕ್ಲಚ್ಚು ಜಾರುತ್ತದೆ ಎಂದು ಅರ್ಥ. ಹೊಸ ಪ್ಲೇಟುಗಳು ಸವೆದು ಹೊಂದಿಕೊಳ್ಳುವವರೆಗೆ ಇದು ದಿನಕ್ಕೊಂದು ಥರ ಇರುತ್ತದೆ.

ಪರೀಕ್ಷೆಯ ಬೆಳಿಗ್ಗೆ ಅವನು ಒಳಗೆ ಪ್ಯಾನ್‌ಕೇಕ್ ಹುಯ್ಯುತ್ತಿದ್ದ. ನಾನು ಶೆಡ್ಡಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿ ನೋಡಿದೆ. ಹಿಡಿ ಸರಿದೂ ಸರಿಯದ ಹಾಗೆ ಸರಿಯಿತು. ಕೇಬಲ್ಲಿನ ತಿರುಪಿಗೆ ಅರ್ಧ ಸುತ್ತು ಕೊಟ್ಟಿದ್ದರೆ ಮುಗಿಯುತ್ತಿತ್ತು.

ಕೊಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಬೇಕೆಂದೇ ಕೊಡಲಿಲ್ಲ. ಎರಡು ಚಳಿಗಾಲದ ಹಿಂದೆ ಯಾರನ್ನೋ ಹುಡುಕಲು ಹೋದವನ ಮೇಲೆ ಹಿಮ ಕುಸಿದು, ಹನ್ನೊಂದು ನಿಮಿಷ ಅವನು ಎಲ್ಲಿದ್ದಾನೆಂದು ಗೊತ್ತಾಗಿರಲಿಲ್ಲ. ಮೂರು ಪಕ್ಕೆಲುಬು ಮುರಿದು ಬದುಕಿ ಬಂದ. ಆ ಹನ್ನೊಂದು ನಿಮಿಷ ತಂಡದ ಕೋಣೆಯಲ್ಲಿ ರೇಡಿಯೊ ಕೇಳುತ್ತ ಕೂತಿದ್ದವಳು ನಾನು. ಬಿಟ್ಟುಬಿಡು ಎಂದು ಆಮೇಲೆ ಒಂದು ದಿನವೂ ಹೇಳಲಿಲ್ಲ. ಹೇಳಿದರೆ ಕೇಳುವ ಜಾತಿಯಲ್ಲ ಎಂದು ನಂಬಿದ್ದೆ. ಈಗ ಏರಿನಲ್ಲಿ ಎರಡನೆಯ ಸಲ ಹೊರಡುವಾಗ ಕ್ಲಚ್ಚು ಜಾರಿ ಸುಟ್ಟುಕೊಂಡರೆ, ಸೋತದ್ದು ಯಂತ್ರ. ಅವನ ಮಾನಕ್ಕೂ ಕುಂದಿಲ್ಲ, ನನ್ನ ಮೇಲೂ ಮಾತಿಲ್ಲ, ಗಂಡ ಮನೆಯಲ್ಲಿರುತ್ತಾನೆ. ಕೋಲು ಮುರಿಯದೆ ಹಾವು ಸಾಯುವ ಉಪಾಯ. ರಬ್ಬರ್ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋದೆ.

ಬೈಕನ್ನು ಪಿಕಪ್ಪಿಗೆ ಏರಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವನು ಹಿಮದ ಬಗ್ಗೆ, ರಾಬರ್ಟಾಳ ಹೊಸ ನಾಯಿಯ ಬಗ್ಗೆ ಮಾತಾಡಿದ. ಕಣಿವೆ ದಾಟಿದ ಮೇಲೆ ಮಾತು ಬದಲಿಸಿದ.

“ನೋರೀನ್, ಇವತ್ತು ನಂಗೆ ಆಗ್ಲಿಲ್ಲ ಅಂದ್ರೆ ಒಂದ್ ಮಾತು,” ಎಂದ. “ಕ್ಲಚ್ಚು ಸರಿ ಇರ್ಲಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಸುಮ್ನಿರಲ್ಲ. ಕೈ ನಂದು, ಸೋತಿದ್ದು ನಾನು ಅಂತೀನಿ. ನಿನ್ ಕೆಲ್ಸಕ್ಕೆ ಕೆಟ್ಟ ಹೆಸರು ಬರಬಾರ್ದು.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೆಟ್ಟದ ಬುಡ ತಲುಪಿ ಬೈಕ್ ಇಳಿಸುವವರೆಗೆ ಸಹಿಸಿಕೊಂಡೆ.

“ತಡಿ,” ಎಂದೆ. “ಕ್ಲಚ್ಚು ಇನ್ನೊಂದ್ಸಲ ನೋಡ್ಬೇಕು.”

“ಬೆಳಿಗ್ಗೆ ನೋಡಿದ್ಯಲ್ಲೇ?”

“ನೋಡಿದ್ದೆ. ಸರಿ ಇರ್ಲಿಲ್ಲ. ಹಾಗೇ ಬಿಟ್ಟೆ.”

ಅವನು ನನ್ನ ಮುಖವನ್ನೇ ನೋಡಿದ. ಬೈಕು ಅಲುಗದಂತೆ ಹಿಡಿದುಕೊಂಡು ನಿಂತ. ಎಂಜಿನ್ ಬಿಸಿ ಮಾಡಿ, ಚಳಿಗೆ ಮರಗಟ್ಟಿದ ಬೆರಳಲ್ಲಿ ತಿರುಪು ತಿರುಗಿಸಿ, ಹಿಡಿ ಮೆಣಸಿನ ಕಾಳಿನಷ್ಟು ಸರಿಯುವುದನ್ನು ನೋಡಿ, ಹೋಗು ಎಂದು ಕೈ ಮಾಡಿದೆ.

ಅಲ್ಲಿ ಸೇರಿದ್ದ ತಂಡದವರು ಬಿಡುತ್ತಾರೆಯೇ. ಸ್ವೆಟರ್ ಎಲ್ಲಿಗೆ ಬಂತೆಂದು ಒಬ್ಬರಾದ ಮೇಲೊಬ್ಬರು ಕೇಳಿದರು. ತೋಳು ಒಂದು ಬಾಕಿ ಎಂದು ಹೇಳಿ ಅವನು ಏರಿಗೆ ಬಿಟ್ಟ. ನಡು ಏರಿನಲ್ಲಿ ನಿಂತ. ಎಂಜಿನ್ ಗೊಣಗುತ್ತಲೇ ಇತ್ತು. ಬಲಗೈ ತಿರುವಿದ, ಬೈಕು ಹಿಮ ಸೀಳಿಕೊಂಡು ಹೊರಟಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎರಡು ವರ್ಷದಿಂದ ಅವನು ಸೋಲಲಿ ಎಂದಿದ್ದ ಮನಸ್ಸು, ಆ ಕ್ಷಣದಲ್ಲಿ ಗೆಲ್ಲು ಮಾರಾಯ ಎಂದು ಬೇಡುತ್ತಿತ್ತು.

ಗೆದ್ದ. ಗೆದ್ದು ಬಂದು ರಾಬರ್ಟಾಳ ಮುಂದೆ ನಿಂತವನು ಈ ಕ್ಲಚ್ಚಿನ ಹೊಸಬರು ಮಾಡುವ ತಪ್ಪನ್ನೇ ಮಾಡಿದ. ಗಾಡಿ ಗೇರಿನಲ್ಲಿದ್ದರೂ ಸುಮ್ಮನೆ ನಿಂತಿರುತ್ತದೆ, ನ್ಯೂಟ್ರಲ್ ಎಂದೇ ಮರೆತುಹೋಗುತ್ತದೆ. ಅವಳು ಚಾಚಿದ ರೇಡಿಯೊ ತೆಗೆದುಕೊಳ್ಳಲು ಎಡಗಡೆ ವಾಲಿದ, ಬಲಗೈ ತಿರುಗಿತು, ಬೈಕು ಅವನನ್ನು ಬಿಟ್ಟು ಮುಂದಕ್ಕೆ ಹಾರಿತು. ಇವನ ಎರಡು ಬೂಟುಗಳು ಮಾತ್ರ ಹಿಮದ ಮೇಲೆ ಕಾಣುತ್ತಿದ್ದವು. ಬೀಳುವುದಕ್ಕೆ ತನ್ನ ಪರೀಕ್ಷೆಯಲ್ಲಿ ಅಂಕವಿಲ್ಲ ಎಂದು ರಾಬರ್ಟಾ ನಗುತ್ತ ಹೆಸರಿನ ಮುಂದೆ ಗುರುತು ಹಾಕಿದಳು.

ವಾಪಸ್ಸು ಬರುವಾಗ ಅವನು ಗಾಡಿ ಓಡಿಸುತ್ತ, ರಸ್ತೆ ನೋಡುತ್ತಲೇ ಕೇಳಿದ.

“ಬಿಡು ಅಂತ ಬಾಯ್ಬಿಟ್ಟು ಹೇಳ್ಬಾರ್ದಿತ್ತೇನೇ?”

“ಹೇಳಿದ್ರೆ ಬಿಡ್ತಿದ್ಯಾ?”

“ಅವತ್ತೇ ಬಿಡ್ತಿದ್ದೆ. ಪಕ್ಕೆಲುಬು ಕಟ್ಟಿಸ್ಕೊಂಡು ಆಸ್ಪತ್ರೆಯಿಂದ ಬರ್ತಾ ದಾರಿ ತುಂಬ ಕಾದೆ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ನೀನು ತುಟಿ ಬಿಚ್ಚಲಿಲ್ಲ. ನಾನು ಹೋಗೋದು ನಿಂಗಿಷ್ಟ ಅಂದ್ಕೊಂಡೆ.” ರೇಡಿಯೊವನ್ನು ನನ್ನ ಮಡಿಲಿಗೆ ಹಾಕಿದ. “ಈಗ್ಲಾದ್ರೂ ಹೇಳು.”

ಗೆದ್ದು ಬಂದಾಗ ಅವನ ಮುಖದ ಖುಷಿ ನೋಡಿದವಳು ನಾನು. ಬಿಡು ಎನ್ನಲು ಬಾಯಿ ಬರಲಿಲ್ಲ.

“ಇದೊಂದು ಚಳಿಗಾಲ,” ಎಂದೆ. “ಆಮೇಲೆ ಸಾಕು.”

“ಆಯ್ತು ಕಣೇ.”

ಅಷ್ಟೇ. ಇಷ್ಟು ಸುಲಭವಾಗಿ ಸಿಗುವುದನ್ನು ಕೇಳಲು ಹೆದರಿ ಎರಡು ವರ್ಷ ಕೂತಿದ್ದೆನಲ್ಲ ಎಂದು ನನಗೆ ಅಳು ಬಂತು. ಮನೆ ಬರುವವರೆಗೂ ಅಳುತ್ತಲೇ ಇದ್ದೆ, ಅವನು ಬೇಡವೆನ್ನಲಿಲ್ಲ.